ತಂತಿಯ ಆಚೆ ತುದಿ

ಗೌರಿಬಿದನೂರು ತಾಲ್ಲೂಕಿನ ಅಲೀಪುರ ಹೊರಗಿನವರಿಗೆ ಗೊತ್ತಿರುವುದು ಹರಳಿನ ವ್ಯಾಪಾರದಿಂದ, ಮೊಹರಂನಿಂದ. ಭಾಷಾಶಾಸ್ತ್ರಜ್ಞರಿಗೆ ಗೊತ್ತಿರುವುದು ಇನ್ನೊಂದು ಕಾರಣಕ್ಕೆ. ತಲೆಮಾರುಗಳಿಂದ ಸಂಬಂಧದೊಳಗೇ ಮದುವೆಗಳು ನಡೆದುಬಂದ ಈ ಊರಲ್ಲಿ ಹುಟ್ಟುಕಿವುಡರು ಹೆಚ್ಚು. ಹೊರಗಿನ ಯಾವ ಶಾಲೆಯೂ ಕಲಿಸದ ಒಂದು ಸನ್ನೆಭಾಷೆ ಅಲ್ಲೇ ಹುಟ್ಟಿ ಬೆಳೆಯಿತು. ಕಿವಿ ಕೇಳುವ ಅಣ್ಣತಮ್ಮಂದಿರು, ನೆರೆಹೊರೆಯವರೂ ಅದನ್ನು ಕಲಿತರು. 2012ರಲ್ಲಿ ಭಾಷಾಶಾಸ್ತ್ರಜ್ಞ ಸಿಬಾಜಿ ಪಂಡಾ ಅದನ್ನು ಅಲೀಪುರ ಸನ್ನೆಭಾಷೆ ಎಂದು ಹೆಸರಿಸಿ ವಿವರಿಸಿದರು.

ಮಿದುಳಿನ ವಿದ್ಯುತ್ತನ್ನು ಓದಿ ಮಾತಾಗಿಸುವ ಯಂತ್ರಗಳ ಸುದ್ದಿ ಬಂದಾಗಲೆಲ್ಲ ನನಗೆ ಈ ಊರು ನೆನಪಾಗುತ್ತದೆ. ಒಬ್ಬರಿಗೆ ‘ಮಾತಿಲ್ಲ’ ಎಂದು ನಾವು ಅನ್ನುತ್ತೇವಲ್ಲ, ಆ ಕೊರತೆ ಇರುವುದೆಲ್ಲಿ? ಅವರ ನರದಲ್ಲೋ, ಎದುರಿಗೆ ಕೂತ ನಮ್ಮಲ್ಲೋ?

2023ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ನರಶಸ್ತ್ರವೈದ್ಯ ಎಡ್ವರ್ಡ್ ಚಾಂಗ್ ಅವರ ತಂಡ ಒಂದು ಪ್ರಯೋಗ ಪ್ರಕಟಿಸಿತು. ಲಕ್ವ ಹೊಡೆದು ಹದಿನೆಂಟು ವರ್ಷ ಮಾತು ಕಳೆದುಕೊಂಡಿದ್ದ ಮಹಿಳೆಯೊಬ್ಬರ ಮಿದುಳಿನ ಮೇಲೆ 253 ವಿದ್ಯುದ್ವಾರಗಳ ತೆಳು ಹಾಳೆ ಹಾಸಿದರು. ಆಕೆ ಸದ್ದಿಲ್ಲದೆ ಮಾತಾಡಲು ಯತ್ನಿಸಿದಾಗ ತುಟಿಗೆ, ನಾಲಗೆಗೆ, ಗಂಟಲಿಗೆ ಹೊರಡುವ ಆಜ್ಞೆಗಳನ್ನು ಕಂಪ್ಯೂಟರ್ ಹಿಡಿದು, ನಿಮಿಷಕ್ಕೆ ಸುಮಾರು 78 ಪದಗಳಂತೆ ಪರದೆಗೆ ತಂದಿತು. ದೊಡ್ಡ ಕೆಲಸವೇ. ಆದರೆ ಇದನ್ನು ‘ಮನಸ್ಸು ಓದುವುದು’ ಎಂದು ಬಣ್ಣಿಸುವುದು ಸರಿಯಲ್ಲ. ಕೊಟ್ಟ ವಾಕ್ಯಗಳನ್ನೇ ಮತ್ತೆ ಮತ್ತೆ ಹೇಳಲು ಯತ್ನಿಸಿ, ಯಾವ ಅಲೆಗೆ ಯಾವ ಧ್ವನಿ ಎಂದು ಆಕೆಯೇ ಯಂತ್ರಕ್ಕೆ ಕಲಿಸಬೇಕಾಯಿತು. ಮಸುಕಾಗಿ ಸಿಕ್ಕ ಧ್ವನಿಗಳಿಂದ ಪದವನ್ನು ಊಹಿಸಲು ಇಂಗ್ಲಿಷಿನ ಭಾಷಾಮಾದರಿ ಬೆನ್ನಿಗಿತ್ತು. ಹಾಗಾಗಿ ಈ ಯಶಸ್ಸಿನಲ್ಲಿ ತಲೆಬುರುಡೆಯೊಳಗಿನ ತಂತಿಗೆ ಎಷ್ಟು ಪಾಲೋ, ಹೊರಗೆ ಅಸಂಖ್ಯ ಜನ ಆಡಿ ಬರೆದಿಟ್ಟ ಭಾಷೆಗೂ ಅಷ್ಟೇ ಪಾಲು.

ಅಲೀಪುರದ ಕಿವುಡ ಅಜ್ಜನೊಬ್ಬನಿಗೆ ಲಕ್ವ ಹೊಡೆದು ಕೈ ನಿಂತಿತು ಎಂದುಕೊಳ್ಳಿ. ಅವನ ತಲೆಯಲ್ಲಿ ಭಾಷೆ ಇದ್ದೇ ಇದೆ. ಸನ್ನೆಭಾಷೆಯ ನೆಲೆ ಕೈಯಲ್ಲ, ಮಿದುಳು ಎಂಬುದನ್ನು ಪಾಯ್ಜ್‌ನರ್, ಕ್ಲಿಮಾ, ಬೆಲ್ಲೂಜಿ ಎಂಬ ಮೂವರು ಸಂಶೋಧಕರು 1987ರ ತಮ್ಮ ಪುಸ್ತಕದಲ್ಲಿ ತೋರಿಸಿದರು. ಮಿದುಳಿನ ಎಡಭಾಗಕ್ಕೆ ಪೆಟ್ಟು ಬಿದ್ದ ಸನ್ನೆಭಾಷಿಕರು ಕೈ ಆಡಿಸಬಲ್ಲವರಾಗಿದ್ದರೂ ಸನ್ನೆಯ ಪದವನ್ನೋ ವ್ಯಾಕರಣವನ್ನೋ ಕಳೆದುಕೊಳ್ಳುತ್ತಾರೆ, ಬಾಯಿಮಾತಿನವರ ಹಾಗೆಯೇ. ಮಾತು ನಾಲಗೆಯಿಂದ ಹೊರಟಿತೋ ಬೆರಳಿನಿಂದಲೋ ಎಂಬ ಭೇದವನ್ನು ಮಿದುಳು ಅಷ್ಟಾಗಿ ಮಾಡುವುದಿಲ್ಲ. ಭೇದ ಮಾಡುವುದು ನಾವು. ಅಜ್ಜನ ಮಿದುಳಿನ ಅಲೆಗಳು ಎಷ್ಟೇ ಸ್ಪಷ್ಟವಾಗಿ ದಾಖಲಾಗಲಿ, ಅವುಗಳ ಅರ್ಥ ಹೇಳಲು ಊರಿನವರೇ ಬರಬೇಕು. ಹೊಸ ತಲೆಮಾರಿನ ಕಿವುಡರೋ ಭಾರತೀಯ ಸನ್ನೆಭಾಷೆಯತ್ತ ವಾಲುತ್ತಿದ್ದಾರೆ. ಊರಿನ ಭಾಷೆ ಅಳಿದ ಮೇಲೆ ಆ ದಾಖಲೆ ಬರೀ ಗೀಟುಗಳ ಕಾಗದ.

ಹಾಗಾದರೆ ಯಂತ್ರ ಬೇಡವೇ? ಊರಿಗೆ ಊರೇ ಸನ್ನೆ ಬಲ್ಲದ್ದಾದರೂ ಬೆಂಗಳೂರಿನ ಬಸ್ ಕಂಡಕ್ಟರ್ ಬಲ್ಲನೇ ಎಂದು ಕೇಳುವವರ ಮಾತಿನಲ್ಲಿ ತೂಕವಿದೆ. ಕಿವುಡು ಮಗುವಿನ ತಂದೆತಾಯಿ ‘ಮಿಷನ್ ಹಾಕಿಸಿದ್ದೀವಿ’ ಅನ್ನುವ, ಸದ್ದನ್ನು ವಿದ್ಯುತ್ತಾಗಿಸಿ ಕಿವಿಯ ನರಕ್ಕೆ ಮುಟ್ಟಿಸುವ ಕಾಕ್ಲಿಯರ್ ಇಂಪ್ಲಾಂಟ್ ಜಗತ್ತಿನ ಹತ್ತು ಲಕ್ಷಕ್ಕೂ ಹೆಚ್ಚು ಜನರನ್ನು ಮುಟ್ಟಿದೆ. ಬಡಮಕ್ಕಳಿಗೆ ಕೇಂದ್ರ ಸರ್ಕಾರದ ಯೋಜನೆಯಲ್ಲೂ ಸಿಗುತ್ತದೆ. ಅದನ್ನು ಬೇಡವೆನ್ನುವ ಹಕ್ಕು ನನಗಂತೂ ಇಲ್ಲ.

ಆದರೆ ಆ ಮಿಷನ್ನನ್ನು ಹತ್ತಿರದಿಂದ ನೋಡಿ. ಶಂಖದಂತೆ ಸುರುಳಿಯಾದ ಒಳಗಿವಿಯಲ್ಲಿ ಸುಮಾರು 3,500 ಒಳಸಾಲಿನ ರೋಮಕೋಶಗಳು ಮಾಡುವ ಕೆಲಸವನ್ನು 12ರಿಂದ 22 ಲೋಹದ ಬಿಂದುಗಳು ಹೊರುತ್ತವೆ. ಕಿವಿಯ ಹಿಂದೊಂದು ತುಣುಕು, ಅದರಿಂದ ಹೊರಟ ವೈರಿನ ತುದಿಯಲ್ಲಿ ಆಯಸ್ಕಾಂತದ ಬಿಲ್ಲೆ. ಚರ್ಮದಡಿಯ ಇನ್ನೊಂದು ಆಯಸ್ಕಾಂತ ಅದನ್ನು ಹಿಡಿದುಕೊಂಡಿರುತ್ತದೆ. ಮಗು ಓಡುವಾಗ ಬಿಲ್ಲೆ ಜಾರಿತೆಂದರೆ ಲೋಕ ಥಟ್ಟನೆ ಮೂಕ. ಮೇಲಾಗಿ ಅದು ಮುಟ್ಟಿಸುವುದು ಸದ್ದನ್ನು, ಭಾಷೆಯನ್ನಲ್ಲ. ಸದ್ದು ಭಾಷೆಯಾಗಲು ವರ್ಷಗಟ್ಟಲೆ ಎದುರಿಗೆ ಕೂತು ಮಾತಾಡಿಸುವವರು ಬೇಕು. ಅಷ್ಟರವರೆಗೆ ‘ಸನ್ನೆ ಕಲಿತರೆ ಮಾತು ಬರೋದಿಲ್ಲ’ ಎಂದು ಮಗುವಿನ ಕೈ ಹಿಡಿದಿಡುವುದು, ನಾಳೆಯ ಊಟಕ್ಕಾಗಿ ಇವತ್ತು ಉಪವಾಸ ಕೆಡವಿದ ಹಾಗೆ. ಮಿದುಳು ಭಾಷೆಗೆ ಹದವಾಗಿರುವ ಮೊದಲ ವರ್ಷಗಳು ಮತ್ತೆ ಬರುವುದಿಲ್ಲ.

ಆದ್ದರಿಂದ ನನ್ನ ವಾದ ಯಂತ್ರದ ವಿರುದ್ಧವಲ್ಲ, ಯಂತ್ರ ಬಂದಿತೆಂದು ನಾವು ಕಲಿಯುವುದನ್ನು ನಿಲ್ಲಿಸುವುದರ ವಿರುದ್ಧ. ಮಿದುಳಿಗೂ ಗಣಕಕ್ಕೂ ಬೆಸುಗೆ ಹಾಕಬಹುದು. ತಂತಿಯ ಆಚೆ ತುದಿಯಲ್ಲಿ ಆ ಭಾಷೆ ಬಲ್ಲವರಿಲ್ಲದಿದ್ದರೆ ಹರಿಯುವುದು ವಿದ್ಯುತ್ತಷ್ಟೇ. ಅಲೀಪುರ ಆ ಆಚೆ ತುದಿಯನ್ನು ಮೊದಲೇ ಕಟ್ಟಿಕೊಂಡಿತ್ತು, ಒಂದು ತಂತಿಯೂ ಇಲ್ಲದೆ.

ಸ್ನಾನಕ್ಕೆ ಮುಂಚೆ, ಮಲಗುವ ಮುಂಚೆ ಮಗುವಿನ ಮಿಷನ್ ತೆಗೆದಿಡುತ್ತಾರೆ. ಆಮೇಲೂ ಮಗುವಿಗೆ ಕೇಳಬೇಕಾದ್ದು ಇರುತ್ತದೆ, ಅಮ್ಮನಿಗೆ ಹೇಳಬೇಕಾದ್ದು ಇರುತ್ತದೆ. ಅಮ್ಮನಿಗೆ ಸನ್ನೆ ಬಂದರೆ, ಲೈಟು ಆರಿಸುವುದು ಇನ್ನೊಂದಿಷ್ಟು ತಡವಾಗುತ್ತದೆ, ಅಷ್ಟೆ.