ಕಥೆ ಮುಗಿದ ಮೇಲೆ ಉಳಿಯುವ ಹಂಬಲ

ರಾತ್ರಿಯ ಊಟವಾದ ಮೇಲೆ ಮಕ್ಕಳು ದೀಪದ ಬಳಿಯಲ್ಲಿ ಕಿನ್ನರಕಥೆಯನ್ನು ಓದುತ್ತಿರುವಾಗ, ಇಂಥ ಸುಳ್ಳಿನಿಂದ ಪ್ರಯೋಜನವೇನೆಂದು ಹಿರಿಯರು ಗದರಿಸುವುದುಂಟು. ಈ ಪ್ರಶ್ನೆಯು ಅಲಕ್ಷ್ಯಮಾಡತಕ್ಕದ್ದಲ್ಲ. ಯಾಕಂದರೆ ಓದಿದವನು ಪುಸ್ತಕವನ್ನು ಮುಚ್ಚಿದ ಮೇಲೆಯೂ ಏನನ್ನೋ ಕಳಕೊಂಡವನ ಹಾಗೆ ಸುಮ್ಮನೆ ಕೂತಿರುತ್ತಾನೆ. ಆ ಹಂಬಲವು ಹಿತವೋ ಅಹಿತವೋ ಎಂದು ನಾವು ವಿಚಾರಿಸೋಣ.

ಕಥೆಯು ಸುಳ್ಳಲ್ಲ. ಸುಳ್ಳುಗಾರನು ತನ್ನ ಮಾತನ್ನು ನಂಬಿಸಿ ಮೋಸಮಾಡುತ್ತಾನೆ. ಕಥೆಗಾರನಾದರೋ ‘ಒಂದಾನೊಂದು ಊರಿನಲ್ಲಿ’ ಎಂದು ಆರಂಭಿಸುವಾಗಲೇ ಇದು ಕಥೆಯೆಂದು ತಿಳಿಸಿಬಿಡುತ್ತಾನೆ. ಆ ಹಂಬಲವು ದುರಾಶೆಯೂ ಅಲ್ಲ. ನೆರೆಯವನ ಹೊಲವನ್ನು ಕಂಡು ಆಶಿಸುವವನು ಅದು ತನ್ನದಾಗಲೆಂದು ಬಯಸುತ್ತಾನೆ. ಕಥೆಯನ್ನು ಓದಿ ಹಂಬಲಿಸುವವನಿಗೆ ಯಾರ ಸೊತ್ತೂ ಬೇಕಾಗಿಲ್ಲ.

ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಎಂಬವನು 1805ರಲ್ಲಿ ಡೆನ್ಮಾರ್ಕ್ ದೇಶದ ಓಡೆನ್ಸೆ ಪಟ್ಟಣದಲ್ಲಿ, ಪಾದರಕ್ಷೆ ಹೊಲಿಯುವ ಬಡವನೊಬ್ಬನ ಮಗನಾಗಿ ಹುಟ್ಟಿದನು. ಅವನ ತಾಯಿಯು ಪರರ ಬಟ್ಟೆಗಳನ್ನು ಒಗೆದು ಜೀವಿಸಿದವಳು. ಚಿಕ್ಕಂದಿನಲ್ಲಿ ಅವಳನ್ನು ಭಿಕ್ಷೆಗೆ ಅಟ್ಟಿದಾಗ ಅವಳು ಬೇಡಲಾರದೆ ಸೇತುವೆಯ ಕೆಳಗೆ ಅಳುತ್ತಾ ಕೂತಿದ್ದಳೆಂದು ಅವನು ತನ್ನ ಜೀವನಚರಿತ್ರೆಯಲ್ಲಿ ಬರೆದಿದ್ದಾನೆ. 1845ರಲ್ಲಿ ಅವನು ಬೆಂಕಿಕಡ್ಡಿ ಮಾರುವ ಹುಡುಗಿಯ ಕಥೆಯನ್ನು ಪ್ರಕಟಿಸಿದನು. ವರುಷದ ಕಡೇ ರಾತ್ರಿ, ಹಿಮ ಬೀಳುತ್ತಿರುವಾಗ, ಬರಿಗಾಲಿನ ಹುಡುಗಿಯು ಗೋಡೆಯ ಮೂಲೆಯಲ್ಲಿ ಕೂತು ಒಂದೊಂದೇ ಕಡ್ಡಿಯನ್ನು ಗೀರುತ್ತಾಳೆ. ಆ ಬೆಳಕಿನಲ್ಲಿ ಅವಳಿಗೆ ಬೆಚ್ಚಗಿನ ಒಲೆಯೂ ಬಡಿಸಿದ ಮೇಜೂ ಅಲಂಕರಿಸಿದ ಮರವೂ ಕಡೆಗೆ ಸತ್ತುಹೋದ ಅಜ್ಜಿಯೂ ಕಾಣಿಸುತ್ತಾರೆ. ಮರುದಿನ ಬೆಳಿಗ್ಗೆ ದಾರಿಹೋಕರು ಕಂಡದ್ದು ಚಳಿಯಿಂದ ಸತ್ತ ಮಗುವನ್ನು ಮಾತ್ರ. ಅವಳು ಕಂಡದ್ದು ಓದುಗನೊಬ್ಬನಿಗೇ ಗೊತ್ತು.

ಇದರಲ್ಲಿಯೇ ಆ ಹಂಬಲದ ಮರ್ಮವಿದೆ. ಆ ಮಗುವಿನ ಅಂತರಂಗವು ನಮಗೆ ತಿಳಿದಿದೆ. ಆದಾಗ್ಯೂ ಪುಸ್ತಕದೊಳಗೆ ಕೈಯಿಟ್ಟು ಅದಕ್ಕೆ ಒಂದು ಕಂಬಳಿಯನ್ನು ಹೊದಿಸಲಾರೆವು. ಆದರೆ ಮರುದಿನ ಸಂತೆಯಲ್ಲಿ ಸೊಪ್ಪಿನ ಕಟ್ಟನ್ನು ಹಿಡಿದು ನಿಂತ ಹುಡುಗಿಯನ್ನು ಕಂಡಾಗ, ಇವಳ ಕಣ್ಣಿಗೂ ನಮಗೆ ಕಾಣದ ಒಂದು ಬೆಳಕು ತೋರುತ್ತಿರಬಹುದೆಂದು ನೆನಸುತ್ತೇವೆ. ಮೊದಲು ಅವಳ ಸೊಪ್ಪನ್ನು ಮಾತ್ರ ನೋಡುತ್ತಿದ್ದ ನಾವು ಈಗ ಅವಳ ಮುಖವನ್ನು ನೋಡುತ್ತೇವೆ.

ಒಂದು ಅಪಾಯವೂ ಉಂಟು. ಕಥೆಯ ಹುಡುಗಿಗಾಗಿ ಕಣ್ಣೀರು ಸುರಿಸಿ, ಬಾಗಿಲಿಗೆ ಬಂದವಳನ್ನು ಗದರಿಸಿ ಕಳುಹಿಸಿದರೆ ಆ ಕಣ್ಣೀರು ನಮಗೆ ಸಾಕ್ಷಿಯಲ್ಲ, ಅಪರಾಧವೇ. ಪುಸ್ತಕದ ಮಗುವಿಗೆ ನಾವು ಮಾಡಲಾರದ್ದು ಬಾಗಿಲಲ್ಲಿರುವ ಮಗುವಿಗೆ ನಾವು ತೀರಿಸಬೇಕಾದ ಸಾಲವಾಗಿದೆ. ಆದಕಾರಣ ಮಕ್ಕಳ ಕೈಯಿಂದ ಕಥೆಯನ್ನು ಕಸಕೊಳ್ಳದಿರೋಣ. ಅದನ್ನು ಓದಿ ಮುಗಿಸಿದವರು ಬಾಗಿಲನ್ನು ತೆರೆಯುವುದನ್ನೂ ಕಲಿಯುವಂತೆ ನಾವೇ ಮೊದಲು ತೆರೆದು ತೋರಿಸೋಣ.