ಬಣ್ಣದ ಅಡಿಯ ಬೆಸುಗೆ

ಶ್ರೀಗಂಧದ ಕಾವಲ್ ಎಂಬ ಹೆಸರಿನಲ್ಲಿ ಗಂಧದ ಮರವಿದೆ, ದನಗಳ ಮೇವಿಗೆಂದು ಕಾದಿರಿಸಿದ ಹುಲ್ಲುಗಾವಲೂ ಇದೆ. ಬೆಂಗಳೂರಿನ ಪಶ್ಚಿಮಕ್ಕೆ, ಮಾಗಡಿ ರಸ್ತೆಯ ಸುಂಕದಕಟ್ಟೆಯ ಆಸುಪಾಸಿನಲ್ಲಿರುವ ಆ ಭಾಗಕ್ಕೆ ಇಂದು ಹೋದವರ ಕಣ್ಣಿಗೆ ಬೀಳುವುದು ಒತ್ತೊತ್ತಾದ ಮನೆಗಳು, ಶೀಟು ಹೊದಿಸಿದ ಶೆಡ್ಡುಗಳು, ಸಣ್ಣಪುಟ್ಟ ವರ್ಕ್‌ಶಾಪುಗಳು. ಹೆಸರು ಉಳಿಯಿತು, ಹೆಸರಿನೊಳಗಿದ್ದದ್ದು ಹೋಯಿತು. ಹಾಗೆಂದು ಆ ಊರು ಸುಳ್ಳು ಹೇಳುತ್ತಿದೆ ಎಂದು ಯಾರೂ ದೂರುವುದಿಲ್ಲ. ಏಕೆಂದರೆ ಆ ಹೆಸರು ತೋರಿಸಿ ನಮಗೆ ಯಾರೂ ಗಂಧ ಮಾರುತ್ತಿಲ್ಲ. (ಸೈಟು ಮಾರುವವರ ಮಾತು ಬೇರೆ.) ಹೆಸರಿಗೂ ವಸ್ತುವಿಗೂ ನಡುವಿನ ಅಂತರ ನೈತಿಕ ಪ್ರಶ್ನೆಯಾಗುವುದು ಆ ಅಂತರಕ್ಕೊಂದು ಬೆಲೆ ಬಂದಾಗ.

ಅಂಥದೊಂದು ಶೆಡ್ಡಿನ ಮುಂದೆ ಹೊಸದಾಗಿ ಸಿದ್ಧಪಡಿಸಿದ ಹಳೆಯ ಯಮಹಾ ಆರ್‌ಎಕ್ಸ್ ಹಂಡ್ರೆಡ್ ಮಾರಾಟಕ್ಕೆ ನಿಂತಿದೆ ಎಂದಿಟ್ಟುಕೊಳ್ಳೋಣ. ಕಪ್ಪು ಟ್ಯಾಂಕು ಕನ್ನಡಿಯಂತಿದೆ, ನಿಕ್ಕಲ್ ಹೊಳೆಯುತ್ತಿದೆ, ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗುತ್ತದೆ. ಈ ಗಾಡಿಯ ಪರಿಚಯ ಬೇಕಿರುವವರು ಕಿರಿಯರು ಮಾತ್ರ. 1980ರ ದಶಕದ ನಡುವಿನಲ್ಲಿ ಜಪಾನಿನ ನಾಲ್ಕು ಕಂಪೆನಿಗಳು ಭಾರತದ ಕಂಪೆನಿಗಳ ಕೈಹಿಡಿದು ನೂರು ಸಿಸಿಯ ಬೈಕುಗಳನ್ನು ತಂದವು. ಸುಜುಕಿ ಬಂದದ್ದು ನಮ್ಮ ಗಡಿಯಾಚೆಯ ಹೊಸೂರಿನ ಟಿವಿಎಸ್ ಜೊತೆ. ಹೋಂಡಾ ಹೀರೋ ಜೊತೆ, ಕವಾಸಾಕಿ ಬಜಾಜ್ ಜೊತೆ. ಯಮಹಾ 1985ರಲ್ಲಿ ಎಸ್ಕಾರ್ಟ್ಸ್ ಮೂಲಕ ತಂದದ್ದು ಈ ಆರ್‌ಎಕ್ಸ್. 98 ಸಿಸಿಯ ಟೂ ಸ್ಟ್ರೋಕ್ ಎಂಜಿನ್, ಸುಮಾರು ನೂರು ಕಿಲೋ ತೂಕ, ಹನ್ನೊಂದು ಕುದುರೆಗಳ ಬಲ. ಮೈಸೂರಿನ ಜಾವಾ, ಯೆಜ್ಡಿಗಳ ಭಾರಕ್ಕೆ ಒಗ್ಗಿದ್ದ ತೊಡೆಗಳಿಗೆ ಇದು ಗಾಳಿಪಟದಂತೆ ಅನ್ನಿಸಿದ್ದರಲ್ಲಿ ಅಚ್ಚರಿಯಿಲ್ಲ. ಹೊಗೆಯ ನಿಯಮಗಳು ಬಿಗಿಯಾದ 1996ರಲ್ಲಿ ಇದರ ತಯಾರಿಕೆ ನಿಂತಿತು. ಅಂದರೆ ಅತ್ಯಂತ ಕಿರಿಯ ಆರ್‌ಎಕ್ಸ್‌ಗೂ ಈಗ ಹತ್ತಿರ ಹತ್ತಿರ ಮೂವತ್ತು ವರ್ಷ. ಆದರೂ ಚೆನ್ನಾಗಿ ಸಿದ್ಧಪಡಿಸಿದ್ದೊಂದರ ಬೆಲೆ ಲಕ್ಷ ದಾಟುವುದುಂಟು. ಆರಂಭದ ದಿನಗಳಲ್ಲಿ ಜಪಾನಿನಿಂದಲೇ ಬಂದ ಭಾಗಗಳನ್ನು ಇಲ್ಲಿ ಜೋಡಿಸುತ್ತಿದ್ದರು. ಆ ಕಾಲದ ಎಂಜಿನ್ ಇದ್ದರಂತೂ ಮಾರುವವನ ಧ್ವನಿಯೇ ಬದಲಾಗುತ್ತದೆ.

ಇಂಥ ಗಾಡಿಯನ್ನು ಮೊದಲಿನ ಸ್ಥಿತಿಗೆ ತರುವುದು ನಿಜವಾದ ವಿದ್ಯೆ. ಅದನ್ನು ಬಲ್ಲವರು ಪೀಣ್ಯದ ಲೇತ್‌ಗಳ ಮುಂದೆ, ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ, ಶಿವಾಜಿನಗರದ ಗುಜರಿ ಗಲ್ಲಿಗಳಲ್ಲಿ ವರ್ಷಗಟ್ಟಲೆ ಕೈಕಪ್ಪು ಮಾಡಿಕೊಂಡು ಕಲಿತವರು. ಅವರಲ್ಲಿ ಹಲವರಿಗೆ ಶಾಲೆಯ ಪ್ರಮಾಣಪತ್ರವಿಲ್ಲ, ಕಿವಿಯಿದೆ. ಎಂಜಿನ್ನಿನ ಸದ್ದಿನಲ್ಲೇ ಬೇನೆ ಎಲ್ಲಿದೆಯೆಂದು ಹೇಳುತ್ತಾರೆ. ಈ ವಿದ್ಯೆಗೊಂದು ವಿಚಿತ್ರ ಗುಣವಿದೆ. ಬಡಗಿಯ ಕೆಲಸ ಚೆನ್ನಾಗಿದ್ದಷ್ಟೂ ಎದ್ದು ಕಾಣುತ್ತದೆ. ಇವರ ಕೆಲಸ ಚೆನ್ನಾಗಿದ್ದಷ್ಟೂ ಕಾಣದಾಗುತ್ತದೆ. ಕೈ ಆಡಿಸಿದ ಗುರುತೇ ಇರಬಾರದು, ಅದೇ ಅದರ ಪರಿಪೂರ್ಣತೆ. ಗಾಡಿ ಮನೆಯಲ್ಲೇ ಇರುವವರೆಗೆ ಇದರಲ್ಲಿ ತಪ್ಪೇನಿಲ್ಲ. ಮಾರಲು ನಿಂತ ಕ್ಷಣದಲ್ಲಿ, ಅಷ್ಟು ಶ್ರಮಪಟ್ಟು ಅಳಿಸಿದ ಗುರುತುಗಳನ್ನು ಬಾಯಿಬಿಟ್ಟು ಹೇಳಬೇಕೇ ಎಂಬ ಪ್ರಶ್ನೆ ಏಳುತ್ತದೆ.

ಏನನ್ನು ಹೇಳಬೇಕು? ಒಂದು ಉದಾಹರಣೆ ಸಾಕು. ಆರ್‌ಎಕ್ಸ್‌ನ ಸಿಲಿಂಡರಿನ ಒಳವ್ಯಾಸ 50 ಮಿಲಿಮೀಟರು, ಪಿಸ್ಟನ್ ಮೇಲೆ ಕೆಳಗೆ ಚಲಿಸುವ ದೂರವೂ ಅಷ್ಟೇ. ಸವೆದಾಗ ಒಳಗೋಡೆಯನ್ನು ಕಾಲು ಮಿಲಿಮೀಟರಿನಷ್ಟು ಕೊರೆದು, ಅಷ್ಟೇ ದೊಡ್ಡ ಪಿಸ್ಟನ್ ಹಾಕುತ್ತಾರೆ. ಇದೇ ಬೋರ್ ಮಾಡುವುದು. ಹೀಗೆ ನಾಲ್ಕು ಸಲ ಕೊರೆದರೆ ಒಂದು ಮಿಲಿಮೀಟರು ಹೋಯಿತು, 98 ಸಿಸಿಯ ಎಂಜಿನ್ 102 ಸಿಸಿ ಆಯಿತು. ಆಮೇಲೆ ಸ್ಲೀವ್ ಹಾಕಬೇಕು, ಇಲ್ಲವೇ ಬೇರೆ ಸಿಲಿಂಡರ್ ಹುಡುಕಬೇಕು. ಮೊದಲನೇ ಬೋರ್ ಮುಗಿಸಿದ ಎಂಜಿನ್ನಿಗೂ ನಾಲ್ಕನೆಯದನ್ನು ಮುಗಿಸಿದ್ದಕ್ಕೂ ಹೊರಗಿನಿಂದ ವ್ಯತ್ಯಾಸವೇ ತಿಳಿಯದು. ಎರಡೂ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗುತ್ತವೆ. ಒಂದಕ್ಕೆ ಇನ್ನೂ ಆಯಸ್ಸಿದೆ, ಇನ್ನೊಂದು ಕೊನೆಯ ಮೆಟ್ಟಿಲ ಮೇಲಿದೆ. ಇದು ಗೊತ್ತಿರುವುದು ಒಬ್ಬನಿಗೆ ಮಾತ್ರ, ಮಾರುವವನಿಗೆ.

ಕಾನೂನನ್ನು ಕೇಳಿದರೆ ಅದರ ಉತ್ತರ ಬಹಳ ಹಳೆಯದು. 1872ರ ಭಾರತೀಯ ಕರಾರು ಕಾಯ್ದೆಯ 17ನೇ ಕಲಮು ವಂಚನೆ ಎಂದರೇನೆಂದು ವಿವರಿಸುತ್ತದೆ. ಬರೇ ಸುಮ್ಮನಿರುವುದು ವಂಚನೆಯಲ್ಲ ಎಂಬುದು ಅದರ ನಿಲುವು. ಅದಕ್ಕೆ ಕೊಟ್ಟಿರುವ ದೃಷ್ಟಾಂತ, ನಮ್ಮ ಹನ್ನೊಂದು ಕುದುರೆಗಳ ಗಾಡಿಗೆ ಹೇಳಿ ಮಾಡಿಸಿದಂತೆ, ಒಂದು ಕುದುರೆಯದೇ. ಒಬ್ಬ ತನ್ನ ಕುದುರೆಯನ್ನು ಹರಾಜಿನಲ್ಲಿ ಮಾರುತ್ತಾನೆ, ಅದರಲ್ಲಿ ಊನವಿದೆಯೆಂದು ಅವನಿಗೆ ಗೊತ್ತು, ಆದರೆ ಏನೂ ಹೇಳುವುದಿಲ್ಲ. ಇದು ವಂಚನೆಯಲ್ಲ. ಆದರೆ ಕೊಳ್ಳುವವಳು ಆಗಷ್ಟೇ ಪ್ರಾಯಕ್ಕೆ ಬಂದ ಅವನ ಮಗಳೇ ಆಗಿದ್ದರೆ? ಆಗ ಹೇಳುವುದು ಅವನ ಕರ್ತವ್ಯ. ನೀನು ಇಲ್ಲ ಎನ್ನದಿದ್ದರೆ ಕುದುರೆ ಚೆನ್ನಾಗಿದೆ ಎಂದುಕೊಳ್ಳುತ್ತೇನೆ ಎಂದು ಕೊಳ್ಳುವವನೇ ಹೇಳಿ, ಮಾರುವವನು ಬಾಯಿಮುಚ್ಚಿಕೊಂಡಿದ್ದರೆ? ಆಗ ಆ ಮೌನವೇ ಮಾತಿಗೆ ಸಮ.

ಕಾಯ್ದೆ ಬರೆದವರು ಸೂಕ್ಷ್ಮಗ್ರಾಹಿಗಳು, ಸಂದೇಹವಿಲ್ಲ. ಆದರೂ ಈ ದೃಷ್ಟಾಂತ ನನ್ನನ್ನು ಕಾಡುತ್ತದೆ. ಮಗಳು ಬಿದ್ದು ಕಾಲು ಮುರಿದುಕೊಳ್ಳಬಾರದು, ಅಪರಿಚಿತ ಮುರಿದುಕೊಂಡರೆ ಅದು ಅವನ ಪಾಡು. ನಂಬಿಕೆಯ ಎಲ್ಲೆ ಮನೆಯ ಹೊಸ್ತಿಲಿಗೇ ನಿಂತುಬಿಟ್ಟಿತು. ಧರ್ಮಗಳ, ನೀತಿಚಿಂತಕರ ಇಡೀ ಪ್ರಯತ್ನವೇ ಆ ಹೊಸ್ತಿಲನ್ನು ದಾಟುವುದು ಹೇಗೆ ಎಂಬುದಲ್ಲವೇ?

ಪ್ರವಾದಿಯವರು ಮದೀನಾದ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟ ಪ್ರಸಂಗ ಬಹುತೇಕ ಓದುಗರಿಗೆ ಗೊತ್ತಿರುತ್ತದೆ. ಮೇಲೆ ಒಣಗಿದ ಕಾಳು, ಒಳಗೆ ತೇವ. ಮಳೆಗೆ ನೆನೆಯಿತು ಎಂದು ವ್ಯಾಪಾರಿ ಕಾರಣ ಹೇಳಿದ. ಆ ಕಾರಣ ಸುಳ್ಳಾಗಿರಲಿಲ್ಲ, ಮಳೆ ಅವನ ತಪ್ಪೂ ಅಲ್ಲ. ಅವನಿಗೆ ಮಾರಬೇಡ ಎಂದೇನೂ ಹೇಳಲಿಲ್ಲ. ಜನರಿಗೆ ಕಾಣುವಂತೆ ನೆನೆದದ್ದನ್ನು ಮೇಲಿಡಬಾರದಿತ್ತೇ ಎಂದು ಕೇಳಲಾಯಿತು. ನಾವು ಈ ಪ್ರಸಂಗದಿಂದ ಮೋಸ ಮಾಡಬೇಡಿ ಎಂಬ ಪಾಠವನ್ನಷ್ಟೇ ಎತ್ತಿಕೊಂಡು ಮುಂದೆ ಹೋಗುತ್ತೇವೆ. ಗಮನಿಸಬೇಕಾದ್ದು ರಾಶಿ ಹಾಕಿದ ರೀತಿಯ ಬಗ್ಗೆ ಅಲ್ಲಿರುವ ತಕರಾರು. ಆ ವ್ಯಾಪಾರಿ ಒಂದು ಸುಳ್ಳನ್ನೂ ಆಡಿರಲಿಲ್ಲ. ಅವನ ಪರವಾಗಿ ರಾಶಿಯೇ ಮಾತಾಡುತ್ತಿತ್ತು.

ಬೈಕಿನ ಬಣ್ಣ ಮಾಡುವುದೂ ಅದನ್ನೇ. ಊನವಿದ್ದ ಕುದುರೆಯ ಯಜಮಾನ ಸುಮ್ಮನಿದ್ದ, ಕುದುರೆ ಇದ್ದ ಹಾಗೆಯೇ ನಿಂತಿತ್ತು. ರಿಸ್ಟೋರ್ ಮಾಡಿದ ಗಾಡಿ ಹಾಗೆ ನಿಂತಿರುವುದಿಲ್ಲ. ಅದರ ಒಂದೊಂದು ಹೊಳಪೂ ನಾನು ಹೊಸದು ಎನ್ನುತ್ತಿರುತ್ತದೆ. ಯಾವುದೋ ಅಪಘಾತದಲ್ಲಿ ಚಾಸಿಸ್ ಬಿರುಕುಬಿಟ್ಟಿತ್ತು, ಬೆಸೆದು ಉಜ್ಜಿ ಮೇಲೆ ಪೌಡರ್ ಕೋಟಿಂಗ್ ಮಾಡಿಸಲಾಯಿತು ಎನ್ನಿ. ಬೆಸುಗೆ ಗಟ್ಟಿಯಾಗಿಯೇ ಇರಬಹುದು. ಆದರೆ ಗೊರಗುಂಟೆಪಾಳ್ಯದ ಮೇಲ್ಸೇತುವೆ ಏರುತ್ತ ಆಕ್ಸಿಲರೇಟರ್ ತಿರುವುವ ಇಪ್ಪತ್ತರ ಹುಡುಗನಿಗೆ ತನ್ನ ಕೆಳಗೊಂದು ಬೆಸುಗೆಯಿದೆ ಎಂಬುದೇ ಗೊತ್ತಿಲ್ಲ. ಗೊತ್ತಿದ್ದರೆ ತಿಂಗಳಿಗೊಮ್ಮೆ ಆ ಜಾಗ ನೋಡುತ್ತಿದ್ದ, ಹಿಂದೆ ಇಬ್ಬರನ್ನು ಕೂರಿಸುತ್ತಿರಲಿಲ್ಲ. ಮುಚ್ಚಿಟ್ಟದ್ದರಿಂದ ಅವನು ಕಳೆದುಕೊಂಡದ್ದು ಹಣಕ್ಕಿಂತ ಹೆಚ್ಚಾಗಿ ಎಚ್ಚರವನ್ನು. ಇಲ್ಲಿ ಮಾರುವವನು ಸುಮ್ಮನಿದ್ದ ಎನ್ನುವುದಕ್ಕೆ ಅರ್ಥವೇ ಇಲ್ಲ. ಅವನು ಬಣ್ಣದ ಮೂಲಕ ಮಾತಾಡಿಯಾಗಿದೆ.

ಹಾಗಾದರೆ ತಪ್ಪೆಲ್ಲ ಶೆಡ್ಡಿನವನದ್ದೇ? ಇಲ್ಲಿ ಕೊಳ್ಳುವವರನ್ನೂ ನಿಲ್ಲಿಸಿ ಕೇಳಬೇಕು. ಹಳೇ ಗಾಡಿಯ ಗಿರಾಕಿಗಳ ಬಾಯಲ್ಲಿ ಒಂದೇ ಮಂತ್ರ, ಎಲ್ಲಾ ಒರಿಜಿನಲ್ ತಾನೇ? ಮೂವತ್ತು ವರ್ಷ ಓಡಿದ ಯಂತ್ರದಲ್ಲಿ ಎಲ್ಲವೂ ಒರಿಜಿನಲ್ ಇರಲು ಸಾಧ್ಯವೇ ಇಲ್ಲ. ಕೇಳುವವರಿಗೂ ಅದು ಗೊತ್ತು. ಆದರೂ ಹೌದು ಎಂಬ ಉತ್ತರಕ್ಕೆ ಹಣ ಕೊಡುತ್ತಾರೆ, ಹೊಸ ಕ್ರ್ಯಾಂಕ್ ಹಾಕಿದ್ದೇನೆ ಎಂಬ ಉತ್ತರಕ್ಕೆ ಹಣ ಕಡಿತ ಮಾಡುತ್ತಾರೆ. ಮೆಕ್ಯಾನಿಕ್ಕಿನ ಮೂರು ತಿಂಗಳ ದುಡಿಮೆ ಅವರ ಲೆಕ್ಕದಲ್ಲಿ ಒಂದು ಕಳಂಕ. ದುಡಿದ ಕೈಯನ್ನು ಅಡಗಿಸಿದರೆ ಮಾತ್ರ ಕೂಲಿ ಹುಟ್ಟುವ ಮಾರುಕಟ್ಟೆಯಲ್ಲಿ ಸತ್ಯ ಹೇಳು ಎಂದು ಆ ಕೈಗೇ ಉಪದೇಶ ಮಾಡುವುದು ಸುಲಭದ ಕೆಲಸ.

ಹಳೆಯ ಕಟ್ಟಡಗಳ ವಿಷಯದಲ್ಲಿ ಜಗತ್ತು ಇದಕ್ಕಿಂತ ವಿವೇಕದಿಂದ ನಡೆದುಕೊಂಡಿದೆ. 1964ರ ವೆನಿಸ್ ಸನ್ನದು, ಸ್ಮಾರಕಗಳಿಗೆ ಹೊಸದಾಗಿ ಸೇರಿಸಿದ ಭಾಗ ಒಟ್ಟು ರೂಪಕ್ಕೆ ಹೊಂದಿಕೊಳ್ಳಬೇಕು, ಆದರೆ ಹಳತರಿಂದ ಬೇರೆಯಾಗಿ ಗುರುತು ಸಿಗಬೇಕು ಎಂದು ಹೇಳಿತು. ಹಂಪಿಯಲ್ಲಿ ಬಿರುಕುಬಿಟ್ಟ ಕಲ್ಲಿನ ತೊಲೆಗಳಿಗೆ ಕೊಟ್ಟಿದ್ದ ಸಾದಾ ಆಧಾರಗಂಬಗಳನ್ನು ನೋಡಿದವರು ಇವು ಅಂದಗೆಡಿಸುತ್ತವೆ ಎಂದು ಗೊಣಗಿದ್ದುಂಟು. ಅಂದ ಕೆಟ್ಟಿತ್ತು ನಿಜ. ಆದರೆ ಯಾವುದು ವಿಜಯನಗರದ್ದು, ಯಾವುದು ನಮ್ಮ ಕಾಲದ್ದು ಎಂದು ಶಾಲೆಯ ಮಕ್ಕಳೂ ಹೇಳಬಲ್ಲವರಾಗಿದ್ದರು.

ಬೈಕಿನ ಮೇಲೆ ಅಂಥ ಗಂಬ ನಿಲ್ಲಿಸುವ ಅಗತ್ಯವಿಲ್ಲ. ನಮ್ಮ ಮೆಕ್ಯಾನಿಕ್ಕುಗಳಲ್ಲಿ ಒಂದು ಹಳೆಯ ರೂಢಿಯಿದೆ: ಬಿಚ್ಚಿ ತೆಗೆದ ಭಾಗಗಳನ್ನು ಚೀಲಕ್ಕೆ ತುಂಬಿ ಯಜಮಾನನ ಕೈಗೆ ಕೊಡುವುದು. ಸವೆದ ಪಿಸ್ಟನ್, ತುಂಡಾದ ರಿಂಗು, ಗಟ್ಟಿಯಾದ ಆಯಿಲ್ ಸೀಲು. ಹೊಸದು ಹಾಕಿದ್ದೇನೆ, ಸುಮ್ಮನೆ ಬಿಲ್ ಮಾಡಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಆ ಚೀಲ ಮತ್ತು ಬಣ್ಣಕ್ಕೆ ಮುಂಚೆ ತೆಗೆದ ಚಾಸಿಸ್ಸಿನ ನಾಲ್ಕು ಫೋಟೋಗಳು ಗಾಡಿಯ ಜೊತೆಗೇ ಕೈ ಬದಲಾಯಿಸಿದರೆ, ಹುಡುಗನಿಗೆ ಎಲ್ಲಿ ಕಣ್ಣಿಡಬೇಕೆಂದು ತಿಳಿಯುತ್ತದೆ. ಬೆಲೆ ಒಂದಿಷ್ಟು ಇಳಿಯಬಹುದು. ಎಷ್ಟು ಇಳಿಯುತ್ತದೆ ಎಂಬುದು ಆ ಚೀಲವನ್ನು ಬಿಚ್ಚಿ ನೋಡಿದಾಗ ಕೊಳ್ಳುವವನು ಕೇಳುವ ಮೊದಲ ಪ್ರಶ್ನೆಯ ಮೇಲಿದೆ. ಇದೆಲ್ಲ ಯಾಕೆ ಬದಲಾಯಿಸಿದೆ ಎಂದು ಕೇಳುತ್ತಾನೋ, ಇದನ್ನೆಲ್ಲ ಮಾಡಿದವರು ಯಾರು ಎಂದು ಕೇಳುತ್ತಾನೋ.