ಆರು ಅಂಕದ ಪ್ರಶ್ನೆ

ಸಾವಿರ ಸುಳ್ಳು ಹೇಳಿಯಾದರೂ ಒಂದು ಮದುವೆ ಮಾಡು ಅನ್ನುತ್ತಾರೆ. ನನ್ನ ಮದುವೆಗೆ ನಮ್ಮ ತಂದೆ ಹೇಳಿದ್ದು ಒಂದೇ ಒಂದು ಸುಳ್ಳು. "ಹುಡುಗಿಗೆ ಎಸ್ಸೆಸ್ಸೆಲ್ಸಿ ಆಗಿದೆ" ಅಂದರು. ಆಗಿದ್ದದ್ದು ಎಂಟನೆಯ ತರಗತಿ. 1983ರಲ್ಲಿ ನಾನು ಒಂಬತ್ತರಲ್ಲಿದ್ದಾಗ ಅಮ್ಮನಿಗೆ ಐದನೆಯ ಬಾಣಂತನ. ಕೈಯಾಸರೆಗೆ ಒಬ್ಬರು ಬೇಕು ಎಂದು ತಿಂಗಳೊಪ್ಪತ್ತಿನ ಮಟ್ಟಿಗೆ ನನ್ನನ್ನು ಶಾಲೆ ಬಿಡಿಸಿದರು. ಆ ತಿಂಗಳೊಪ್ಪತ್ತು ಮುಗಿಯಲೇ ಇಲ್ಲ.

ಇವರಿಗೆ ವಿಷಯ ತಿಳಿದದ್ದು ಮಗನನ್ನು ಶಾಲೆಗೆ ಸೇರಿಸುವ ದಿನ. ಅರ್ಜಿಯಲ್ಲಿ 'ತಾಯಿಯ ವಿದ್ಯಾಭ್ಯಾಸ' ಎಂಬ ಕಾಲಂ ಬಂದಾಗ ನನ್ನ ಮುಖ ನೋಡಿ ಏನೆಂದು ಕೇಳಿದರು. ಹೇಳಿದೆ. ಒಂದು ನಿಮಿಷ ಪೆನ್ನು ಎತ್ತಿಹಿಡಿದು ಕೂತಿದ್ದರು. ಆಮೇಲೆ ಸದ್ದಿಲ್ಲದೆ 'ಎಸ್.ಎಸ್.ಎಲ್.ಸಿ.' ಎಂದೇ ತುಂಬಿದರು. ಹೀಗೆ ಅಪ್ಪನ ಬಾಯಿಮಾತಿನ ಸುಳ್ಳು ಇವರ ಕೈಬರಹಕ್ಕೆ ದಾಟಿತು. ಬ್ಯಾಂಕಿನ ಅರ್ಜಿಯಲ್ಲೂ ಅದೇ, ಮಗಳ ಕಾಲೇಜಿನಲ್ಲೂ ಅದೇ. ಅತ್ತೆಯವರಿಗೆ ಮಾತ್ರ ಯಾರೂ ಹೇಳಲಿಲ್ಲ. ಬೀಗರು ಮೋಸ ಮಾಡಿದರು ಎಂಬ ಮಾತು ಆ ವಯಸ್ಸಿನಲ್ಲಿ ಯಾಕೆ ಎಂದು.

2016ರಲ್ಲಿ, ನನ್ನ ನಲವತ್ತೆಂಟನೆಯ ವಯಸ್ಸಿನಲ್ಲಿ, ಮಗಳು ಮುಕ್ತ ಶಾಲೆಯ ವಿಷಯ ಹೇಳಿದಳು. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಎಲ್ಲರೂ ಎನ್.ಐ.ಓ.ಎಸ್. ಅನ್ನುವುದು. 1979ರಲ್ಲಿ ಸಿ.ಬಿ.ಎಸ್.ಇ.ಯ ಒಂದು ಯೋಜನೆಯಾಗಿ ಶುರುವಾಗಿ, 1989ರಲ್ಲಿ ಸ್ವತಂತ್ರ ಸಂಸ್ಥೆಯಾದದ್ದು. ಹತ್ತನೆಯ ತರಗತಿಗೆ ಹದಿನಾಲ್ಕು ವರ್ಷ ತುಂಬಿರಬೇಕು, ಮೇಲಕ್ಕೆ ಮಿತಿಯಿಲ್ಲ. ನನ್ನ ಎಂಟನೆಯ ತರಗತಿಯ ಕಾಗದ ಯಾವ ಮಳೆಗಾಲದಲ್ಲಿ ಹುಳು ತಿಂದು ಹೋಯಿತೋ ದೇವರಿಗೇ ಗೊತ್ತು. ಅದಿಲ್ಲದಿದ್ದರೂ ನಡೆಯುತ್ತದೆಯಂತೆ. ಈ ಓದಿಗೆ ಬೇಕಾದಷ್ಟು ಕಲಿತಿದ್ದೇನೆ ಎಂದು ನಾನೇ ಬರೆದು ಸಹಿ ಹಾಕಿದರೆ ಸಾಕಂತೆ. ಹುಟ್ಟಿದ ತಾರೀಕಿಗೆ ಮಾತ್ರ ದಾಖಲೆ ಬೇಕು.

ಆ ಸಹಿ ಹಾಕುವಾಗ ನನ್ನ ಕೈ ನಡುಗಿತು ಎಂದರೆ ನೀವು ನಗಬಹುದು. ಅಲ್ಲಿಯವರೆಗೆ ನನ್ನ ಓದಿನ ಬಗ್ಗೆ ಯಾರ ಯಾರೋ ಬರೆದಿದ್ದರು. ನಾನು ಬರೆದದ್ದು ಅದೇ ಮೊದಲು. ನನ್ನ ಮಾತನ್ನು ಒಂದು ಶಾಲೆ ನಂಬಿತು.

ನಿಯಮಗಳೂ ಹಾಗೇ, ಮನೆಕೆಲಸದ ಹೆಂಗಸನ್ನು ಎದುರಿಗೆ ಕೂರಿಸಿಕೊಂಡು ಬರೆದ ಹಾಗಿದ್ದವು. ಪ್ರಮಾಣಪತ್ರಕ್ಕೆ ಐದು ವಿಷಯ ಪಾಸಾಗಬೇಕು, ಅದರಲ್ಲಿ ಒಂದಾದರೂ ಭಾಷೆ ಇರಬೇಕು. ಗಣಿತ ಕಡ್ಡಾಯವಲ್ಲ. ಒಮ್ಮೆ ಹೆಸರು ನೋಂದಾಯಿಸಿದರೆ ಐದು ವರ್ಷ ಕಾಲ. ಏಪ್ರಿಲ್ ಸುಮಾರಿಗೆ ಒಂದು, ಅಕ್ಟೋಬರ್ ಸುಮಾರಿಗೆ ಇನ್ನೊಂದು, ಹೀಗೆ ವರ್ಷಕ್ಕೆರಡರಂತೆ ಒಟ್ಟು ಒಂಬತ್ತು ಅವಕಾಶ. ಈ ಸಲ ಎರಡು ವಿಷಯ, ಮುಂದಿನ ಸಲ ಒಂದು ಎಂದು ಹಂಚಿಕೊಳ್ಳಬಹುದು, ಪಾಸಾದದ್ದು ಪಾಸಾದಂತೆಯೇ ಉಳಿಯುತ್ತದೆ. ನಾನು ಕನ್ನಡ, ಹಿಂದಿ, ಗೃಹವಿಜ್ಞಾನ, ಸಮಾಜವಿಜ್ಞಾನ, ಚಿತ್ರಕಲೆ ಆರಿಸಿಕೊಂಡೆ. "ಗಣಿತವಿಲ್ಲದ ಹತ್ತನೇ ಕ್ಲಾಸು, ಉಪ್ಪಿಲ್ಲದ ಸಾರು" ಎಂದು ಇವರು ಹಾಸ್ಯ ಮಾಡಿದರು. ಮೂವತ್ತು ವರ್ಷ ಹಾಲಿನ ಲೆಕ್ಕ, ಚೀಟಿ ಲೆಕ್ಕ ಯಾರು ಮಾಡಿದ್ದು ಎಂದು ಕೇಳಿದೆ. ಉತ್ತರ ಬರಲಿಲ್ಲ.

ಓದುವ ಹೊತ್ತು ಮಧ್ಯಾಹ್ನ ಎರಡರಿಂದ ನಾಲ್ಕು, ಅದೂ ಯಾರೂ ಬಾರದಿದ್ದರೆ. ಪುಸ್ತಕ ಅಕ್ಕಿ ಡಬ್ಬದ ಮೇಲೆ. ಅತ್ತೆಯವರು "ಅದೇನು ಓದ್ತೀಯೆ?" ಅಂದರೆ "ಸುಮ್ಮನೆ ಅತ್ತೆ, ಕಾಲ ಕಳೆಯಬೇಕಲ್ಲ" ಅನ್ನುತ್ತಿದ್ದೆ. ಕಾಲ ಕಳೆಯುವುದಕ್ಕೆ ಓದಬೇಕಾದ ಹೆಂಗಸನ್ನು ನಾನಂತೂ ನಮ್ಮ ಬೀದಿಯಲ್ಲಿ ಕಂಡಿಲ್ಲ. ಭಾನುವಾರದ ಸಂಪರ್ಕ ತರಗತಿಗೆ ಒಂದೂವರೆ ಗಂಟೆ ಬಸ್ಸು. ಹೋಗಲೇಬೇಕೆಂಬ ಕಟ್ಟಾಜ್ಞೆಯಿಲ್ಲದಿದ್ದರೂ ನಾನು ಹೋದೆ. ಬೆಂಚಿನ ಮೇಲೆ ಕೂರುವ ಆಸೆ ನೋಡಿ. ನನ್ನ ಪಕ್ಕ ಬ್ಯೂಟಿ ಪಾರ್ಲರಿನ ಹುಡುಗಿ, ಹಿಂದೆ ಗ್ಯಾರೇಜಿನ ಹುಡುಗ, ಅವನ ಉಗುರುಗಳಲ್ಲಿ ಭಾನುವಾರವೂ ಗ್ರೀಸು. ಟೂರ್ನಮೆಂಟು ಎಂದು ಊರೂರು ತಿರುಗುವ ಕಬಡ್ಡಿ ಹುಡುಗನೊಬ್ಬ. ಎಲ್ಲರಿಗೂ ಶಾಲೆಗಿಂತ ಮುಂಚೆ ಮುಗಿಸಬೇಕಾದದ್ದು ಏನೋ ಒಂದು ಇತ್ತು.

ಇನ್ನು ನಾನು ಹೇಳಬೇಕೆಂದು ಕೂತ ವಿಷಯ. ಪರೀಕ್ಷೆಗೆ ಮೊದಲು ಪ್ರತಿ ವಿಷಯಕ್ಕೂ ಒಂದು ನಿಯೋಜಿತ ಬರಹ, ಅಂದರೆ ಅಸೈನ್‌ಮೆಂಟು, ಮನೆಯಲ್ಲೇ ಬರೆದು ಕೇಂದ್ರಕ್ಕೆ ಕೊಡಬೇಕು. ಆರು ಪ್ರಶ್ನೆ, ಇಪ್ಪತ್ತು ಅಂಕ. ಕಡೆಯ ಪ್ರಶ್ನೆಗೆ ಆರು ಅಂಕ. ಒಟ್ಟು ಅಂಕದಲ್ಲಿ ಇದರ ಪಾಲು ಶೇಕಡ 20. ಇಲ್ಲಿ ಮೇಲ್ವಿಚಾರಕರಿಲ್ಲ, ಗಂಟೆಯಿಲ್ಲ. ಬರೆದವರು ಯಾರು ಎಂದು ನೋಡುವುದು ಗೋಡೆಯ ಮೇಲಿನ ದೇವರ ಪಟ ಮಾತ್ರ. ಆ ಊರಿನ ಜೆರಾಕ್ಸ್ ಅಂಗಡಿಯೊಂದರಲ್ಲಿ ಬರೆದು ಸಿದ್ಧವಾದವೇ ಮಾರಾಟಕ್ಕಿದ್ದವು. ನಾನು ಮೂಗು ಮುರಿದು ಬಂದೆ.

ಮೂಗು ಮುರಿದದ್ದು ಡಿಸೆಂಬರಿನಲ್ಲಿ. ಜನವರಿಯಲ್ಲಿ ಅತ್ತೆಯವರು ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡರು. ಸಂಕ್ರಾಂತಿ ಬಂತು, ಎಳ್ಳು ಹುರಿಯಬೇಕು, ಕೊಬ್ಬರಿ ಹೆಚ್ಚಬೇಕು, ಸಕ್ಕರೆ ಅಚ್ಚು ಹಾಕಬೇಕು. ತಿಂಗಳ ಕೊನೆಗೆ ಗಡುವು. ಮೂರನ್ನು ಹೇಗೋ ಮುಗಿಸಿದೆ. ಗೃಹವಿಜ್ಞಾನವನ್ನು ಒಲೆಯ ಮುಂದೆಯೇ ಬರೆದೆ. ಸಮಾಜವಿಜ್ಞಾನ ಉಳಿಯಿತು. ಹಬ್ಬಕ್ಕೆ ಬಂದಿದ್ದ ಮಗಳು "ಕೊಡಮ್ಮ, ಒಂದು ಗಂಟೆ ಕೆಲಸ" ಅಂದಳು. ನಾನು ಕೊಡಲಿಲ್ಲ, ಆದರೆ ಪುಸ್ತಕವನ್ನು ಮೇಜಿನ ಮೇಲೆ ಬಿಟ್ಟು ಅತ್ತೆಯವರ ಮೈ ಒರೆಸಲು ಹೋದೆ. ಕೊಡುವುದಕ್ಕೂ ಬಿಟ್ಟು ಹೋಗುವುದಕ್ಕೂ ಎಷ್ಟು ವ್ಯತ್ಯಾಸ, ನೀವೇ ಹೇಳಿ. ಮರಳಿ ಬಂದಾಗ ನನ್ನ ಹೆಸರಿನ ಕೆಳಗೆ ಅವಳ ದುಂಡು ಅಕ್ಷರ.

ಫೆಬ್ರುವರಿಯಲ್ಲಿ ತಿದ್ದಿದ ಹಾಳೆಗಳನ್ನು ನೋಡಿದೆ. ಸಮಾಜವಿಜ್ಞಾನಕ್ಕೆ ಹತ್ತೊಂಬತ್ತು, ಪಕ್ಕದಲ್ಲಿ 'ಉತ್ತಮ'. ಗೃಹವಿಜ್ಞಾನಕ್ಕೆ ಹನ್ನೊಂದು. ಅದರಲ್ಲಿ ಆರು ಅಂಕದ ಪ್ರಶ್ನೆ, ನಿಮ್ಮ ಒಂದು ದಿನದ ಸಮಯಯೋಜನೆ ತಯಾರಿಸಿ ಎಂಬುದು. ನಾನು ಬೆಳಗಿನ ಐದರಿಂದ ರಾತ್ರಿ ಹತ್ತೂವರೆಯವರೆಗೆ ಇದ್ದದ್ದು ಇದ್ದ ಹಾಗೆ ಬರೆದಿದ್ದೆ. ಕೆಂಪು ಶಾಯಿಯಲ್ಲಿ 'ವಿರಾಮಕ್ಕೆ, ಸ್ವಂತ ಹವ್ಯಾಸಕ್ಕೆ ಸಮಯ ತೋರಿಸಿಲ್ಲ' ಎಂದಿತ್ತು. ಆರಕ್ಕೆ ಎರಡು.

ಬಸ್ಸಿನಲ್ಲಿ ಕೂತು ಮೊದಲು ನಗು ಬಂತು. ನಾನೇ ಬರೆದ ನಿಜಕ್ಕೆ ಎರಡು, ಮಗಳು ಬರೆದ ಸುಳ್ಳಿಗೆ ಹತ್ತೊಂಬತ್ತು. ಆಮೇಲೆ ಯೋಚಿಸಿದರೆ ತಿದ್ದಿದವರದೇನೂ ತಪ್ಪಿಲ್ಲ. ಯೋಜನೆ ಎಂದರೆ ನಡೆದದ್ದರ ವರದಿಯಲ್ಲ, ನಡೆಯಬೇಕಾದದ್ದರ ಲೆಕ್ಕ. ನಡೆಯಬೇಕಾದದ್ದೇನು ಎಂದು ನನ್ನನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ, ಕೇಳಿದಾಗ ನನಗೆ ಪ್ರಶ್ನೆಯೇ ಅರ್ಥವಾಗಿರಲಿಲ್ಲ. ಆದರೆ ಆ ಹತ್ತೊಂಬತ್ತು ಮಾತ್ರ ಗಂಟಲಲ್ಲಿ ಮೀನಿನ ಮುಳ್ಳಿನಂತೆ ನಿಂತಿತು. ಹಳೆಯ ಸುಳ್ಳೊಂದನ್ನು ನಿಜ ಮಾಡಲು ಹೊರಟವಳು ಹೊಸದೊಂದನ್ನು ಕಟ್ಟಿಕೊಂಡು ಮನೆಗೆ ಹೋಗುತ್ತಿದ್ದೆ.

ಮನೆಯಲ್ಲಿ ಹೇಳಿದರೆ ಇವರು ನಕ್ಕರು. "ನಿನ್ನ ಮಕ್ಕಳ ಹೋಂವರ್ಕು ನೀನೆಷ್ಟು ಬರೆದಿಲ್ಲ? ಈಗ ಅವಳು ಬರೆದಳು, ಸರಿಹೋಯಿತು." ಆ ಮಾತು ನಿಜ. ಮಗನ ಜ್ವಾಲಾಮುಖಿಯ ಮಾದರಿ ನಾನೇ ಮಾಡಿದ್ದು, ಬಹುಮಾನ ಅವನಿಗೆ ಬಂತು. ಇವರ ಕಚೇರಿಯ ಬೀಳ್ಕೊಡುಗೆ ಭಾಷಣಗಳು ನನ್ನವು, ಚಪ್ಪಾಳೆ ಇವರದು. ನಾದಿನಿಯ ಹೊಲಿಗೆ ಪರೀಕ್ಷೆಯ ಕಸೂತಿಗೂ ನನ್ನದೇ ಸೂಜಿ. ಅವನ್ನೆಲ್ಲ ಯಾರೂ ಮೋಸ ಅನ್ನಲಿಲ್ಲ, ಅಕ್ಕರೆ ಅಂದರು. ಮೂವತ್ತು ವರ್ಷ ಬೇರೆಯವರ ಹೆಸರಿಗೆ ದುಡಿದವಳ ಹೆಸರಿಗೆ ಒಂದು ಗಂಟೆ ಇನ್ನೊಬ್ಬರು ದುಡಿದರೆ ಅದು ಮಾತ್ರ ಕಳ್ಳತನವೇ? ಈ ವಾದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಪೂರ್ತಿ ಇಲ್ಲ. ಒಂದೇ ಒಂದು ಅನ್ನಿಸುತ್ತದೆ. ಸಾಲ ತೀರಿಸಬೇಕಾದವರು ಮನೆಯವರು, ನಾನು ವಸೂಲು ಮಾಡಿದ್ದು ನನ್ನ ಸಹಿಯನ್ನು ನಂಬಿದ ಶಾಲೆಯಿಂದ. ವಿಳಾಸ ತಪ್ಪಿತ್ತು.

ಮುಂದಿನ ಭಾನುವಾರ ಧೈರ್ಯ ಮಾಡಿ ಅಲ್ಲಿನ ಶಿಕ್ಷಕಿಗೆ ಹೇಳಿಬಿಟ್ಟೆ. ಬೈಯುತ್ತಾರೆ, ಅಂಕ ಕಳೆಯುತ್ತಾರೆ ಎಂದುಕೊಂಡಿದ್ದೆ. ಅವರು ರಿಜಿಸ್ಟರಿನಿಂದ ತಲೆಯೆತ್ತದೆ "ಬಿಡಿ ಅಮ್ಮಾ, ಯಾರು ತಾವೇ ಬರೀತಾರೆ? ಹೋಗಿ ಪರೀಕ್ಷೆಗೆ ಓದಿಕೊಳ್ಳಿ" ಅಂದರು.

ಬೈದಿದ್ದರೆ ಸುಲಭವಾಗುತ್ತಿತ್ತು. ನನ್ನನ್ನು ನಂಬಿದ್ದಾರೆ ಎಂದು ತಿಳಿದು ನಾನು ನಡುಗಿದ್ದೆ, ಇಲ್ಲಿ ನೋಡಿದರೆ ಯಾರನ್ನೂ ನಂಬಿರಲೇ ಇಲ್ಲ. ಹಾಗಾದರೆ ನಾನು ಮುರಿದದ್ದು ಏನನ್ನು? ಎರಡು ದಿನ ಇದೇ ಯೋಚನೆಯಲ್ಲಿ ಸಾರು ಎರಡು ಸಲ ಉಕ್ಕಿತು. ಆ ಶಿಕ್ಷಕಿಯನ್ನೂ ದೂರಲಾರೆ, ಒಬ್ಬರೇ ಅಷ್ಟು ಜನರ ಕಟ್ಟು ತಿದ್ದಬೇಕು. ಆದರೆ ನಿಯಮ ಬರೆದವರು ಯಾರೋ ಎಲ್ಲೋ ಕೂತು, ದಾಖಲೆಯಿಲ್ಲದ ಹೆಂಗಸಿನ ಮಾತೇ ಸಾಕು ಎಂದು ತೀರ್ಮಾನಿಸಿದ್ದರಲ್ಲ, ಅವರು ನನ್ನನ್ನು ಕಂಡಿರಲಿಲ್ಲ ಎಂಬ ಕಾರಣಕ್ಕೆ ಆ ನಂಬಿಕೆ ಸುಳ್ಳಾಗುತ್ತದೆಯೇ? ನಡುವಿನವರು ನಂಬದಿದ್ದರೆ ನನ್ನ ಪಾಲಿನದು ನನಗೆ ಮಾಫಿಯೇ? ಮೂರನೆಯ ದಿನ ಮಗಳ ಹಳೆಯ ನೋಟುಬುಕ್ಕಿನ ಖಾಲಿ ಹಾಳೆಗಳಲ್ಲಿ ಸಮಾಜವಿಜ್ಞಾನದ ಆರೂ ಪ್ರಶ್ನೆಗಳಿಗೆ ನಾನೇ ಉತ್ತರ ಬರೆದೆ. ಅದನ್ನು ಕೊಡಲು ಯಾರೂ ಇರಲಿಲ್ಲ. ಮಗಳು ಫೋನಿನಲ್ಲಿ "ನಿನಗೆ ಹುಚ್ಚು" ಅಂದಳು. ಆ ನೋಟುಬುಕ್ಕು ಇನ್ನೂ ಇದೆ.

ಪರೀಕ್ಷೆಯ ಕಥೆ ಉದ್ದವಿಲ್ಲ. ಬಾಗಿಲಲ್ಲಿ ಮೇಲ್ವಿಚಾರಕರು "ಪೋಷಕರು ಹೊರಗಿರಬೇಕು" ಅಂದರು, ಹಾಲ್ ಟಿಕೆಟ್ ತೋರಿಸಿದೆ. 2017ರ ಬೇಸಿಗೆಯಲ್ಲಿ ಮೂರು ವಿಷಯ, ಅದೇ ವರ್ಷ ಕಡೆಗೆ ಇನ್ನೆರಡು. ಸಮಾಜವಿಜ್ಞಾನದ ಅಂಕ ಬಂದಾಗ ಮೊದಲು ಮಾಡಿದ ಕೆಲಸವೆಂದರೆ ಮಗಳು ಗಳಿಸಿದ್ದನ್ನು ಕಳೆದು ನೋಡಿದ್ದು. ಕಳೆದರೂ ಮೂವತ್ತಮೂರು ದಾಟುತ್ತಿತ್ತು. ಸಮಾಧಾನವಾಯಿತು, ಸಮಾಧಾನವಾಯಿತಲ್ಲ ಎಂದು ನಾಚಿಕೆಯೂ ಆಯಿತು.

ಅಂತಿಮ ಫಲಿತಾಂಶ ಬಂದ ದಿನ ಮಗಳು ಹಜಾರದಲ್ಲೇ "ಅಮ್ಮ ಟೆಂತ್ ಪಾಸ್!" ಎಂದು ಕೂಗಿದಳು. ಕೋಲೂರಿಕೊಂಡು ಕೂತಿದ್ದ ಅತ್ತೆಯವರು ಕಿವಿ ನಿಮಿರಿಸಿದರು. "ಮತ್ತೆ ಮದುವೆಗೆ ಮುಂಚೆ ಆಗಿದ್ದದ್ದು?"

ನಾನು ಬಾಯಿ ತೆರೆಯುವಷ್ಟರಲ್ಲಿ ಇವರು "ಅದು ಹಳೇದಾಯ್ತಲ್ಲಮ್ಮ, ಹೊಸದು ಮಾಡಿಸಿಕೊಂಡಳು" ಅಂದರು, ರೇಷನ್ ಕಾರ್ಡಿನ ಮಾತಾಡಿದ ಹಾಗೆ. ಅವರೂ ಒಪ್ಪಿಕೊಂಡರು.

ಅಂದಿನಿಂದ ಮನೆಗೆ ಬಂದವರಿಗೆಲ್ಲ ಅವರದೇ ವರದಿ. "ನಮ್ಮ ಸೊಸೆ ಎರಡು ಸಲ ಹತ್ತನೇ ಕ್ಲಾಸು ಪಾಸಾಗಿದಾಳೆ, ನಿಮ್ಮ ಮನೇಲಿ ಯಾರಾದರೂ ಇದಾರಾ ಹಾಗೆ?" ಒಮ್ಮೆ ಅವರು ಹೀಗೆ ಹೇಳುತ್ತಿದ್ದಾಗ ನಾನು ಎದುರಿಗೇ ತಟ್ಟೆ ಹಿಡಿದು ನಿಂತಿದ್ದೆ. ಒಂದೇ ಸಲ ಅತ್ತೆ, ಎಂದು ಹೇಳಬಹುದಿತ್ತು. ಅವರ ಮುಖದಲ್ಲಿ ಅಷ್ಟು ಹೆಮ್ಮೆಯಿತ್ತು. ಬಂದವರು ಕಾಫಿಗೆ ಸಕ್ಕರೆ ಕಡಿಮೆಯಾಯಿತು ಅಂದರು. ನಾನು ಸಕ್ಕರೆ ತರಲು ಒಳಗೆ ಹೋದೆ.